ಇಂಗಿನೀ ಮರಣ: ಪದದ ಅರ್ಥ ಮತ್ತು ಬಳಕೆ

‘ಸಲ್ಲೇಖನ’, ‘ಸಮಾಧಿ ಮರಣ’ ಎಂಬ ಪದಗಳು ಎಲ್ಲ ಶ್ರಾವಕರಿಗೂ ಗೊತ್ತು. ‘ಇಂಗಿನೀ’ ಎಂಬುದು ಅಪರೂಪದ ಪದ. ಉಗಾರ ಖುರ್ದ, ಶೇಡಬಾಳ, ಕಾಗವಾಡ, ಚಿಕ್ಕೋಡಿ ಭಾಗದ ಹಿರಿಯರು ಇದನ್ನು ಕೇಳಿರುವುದು ಹೆಚ್ಚಾಗಿ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಜೀವನ ಚರಿತ್ರೆಯಲ್ಲಿ.

ಪದದ ಅರ್ಥ: ಇಂಗಿನೀ ಎಂದರೆ ಇಂಗಿತ, ಅಂದರೆ ತನ್ನ ಸ್ವಂತ ಅಭಿಪ್ರಾಯ. ತನ್ನ ಅಭಿಪ್ರಾಯದಂತೆ ಇದ್ದು, ಪರರ ಸೇವೆ ಪಡೆಯದೆ ದೇಹ ಬಿಡುವುದೇ ಇಂಗಿನೀ ಮರಣ.

ಮೂರು ವಿಧಗಳು: ಶಿವಾರ್ಯರ ‘ಭಗವತೀ ಆರಾಧನಾ’ ಮತ್ತು ನೇಮಿಚಂದ್ರಾಚಾರ್ಯರ ‘ಗೊಮ್ಮಟಸಾರ’ ಗ್ರಂಥಗಳಲ್ಲಿ ಪಂಡಿತ ಮರಣದ ಮೂರು ವಿಧಗಳಿವೆ.

1. ಭಕ್ತಪ್ರತ್ಯಾಖ್ಯಾನ: ಕ್ರಮವಾಗಿ ಆಹಾರ ತ್ಯಾಗ. ತನ್ನ ಸೇವೆ ತಾನೂ ಮಾಡಿಕೊಳ್ಳಬಹುದು, ಪರರಿಂದಲೂ ಪಡೆಯಬಹುದು. ಇದರ ಗರಿಷ್ಠ ಅವಧಿ 12 ವರ್ಷ.
2. ಇಂಗಿನೀ: ತನ್ನ ಸೇವೆ ತಾನೇ ಮಾಡಿಕೊಳ್ಳಬೇಕು, ಪರರಿಂದ ಪಡೆಯುವಂತಿಲ್ಲ.
3. ಪ್ರಾಯೋಪಗಮನ: ಎರಡೂ ಇಲ್ಲ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ನರಿಗಳು ಮೈಯನ್ನು ತಿನ್ನುತ್ತಿದ್ದರೂ ಅವರು ಅಲುಗಲಿಲ್ಲ.

ಬಳಕೆ: ಭೋಜ ಗ್ರಾಮದ ಪಾಟೀಲ ಮನೆತನದ ಶಾಂತಿಸಾಗರ ಮಹಾರಾಜರ ಕಣ್ಣಿನ ದೃಷ್ಟಿ ಮಂದವಾಯಿತು. ನೋಡಿ ನಡೆಯಲಾಗದಿದ್ದರೆ ಜೀವದಯೆ ಪಾಲಿಸುವುದು ಹೇಗೆ? ಅದಕ್ಕಾಗಿ ಅವರು 1955ರ ಆಗಸ್ಟ್‌ನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿ, ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಅವರ ಚರಿತ್ರೆಗಳಲ್ಲಿ ಇದನ್ನು ಇಂಗಿನೀ ಮರಣ ಎಂದು ಕರೆಯಲಾಗಿದೆ. ಪರರ ಸೇವೆ ಬೇಡವೆಂಬ ಅವರ ಸಂಕಲ್ಪವನ್ನು ಆ ಪದ ತಿಳಿಸುತ್ತದೆ. ಆದರೆ ವಿಧಿಪೂರ್ಣವಾದ ಇಂಗಿನೀ ಮತ್ತು ಪ್ರಾಯೋಪಗಮನಕ್ಕೆ ಉತ್ತಮ ಸಂಹನನ, ಅಂದರೆ ವಿಶೇಷ ದೇಹಬಲ ಬೇಕು. ಈ ಕಾಲಕ್ಕೆ ಯೋಗ್ಯವಾದುದು ಭಕ್ತಪ್ರತ್ಯಾಖ್ಯಾನ ಎಂದು ಶಾಸ್ತ್ರ ಹೇಳುತ್ತದೆ.

ಆದ್ದರಿಂದ ಮನೆಯ ಹಿರಿಯರು ಸಲ್ಲೇಖನ ಪಡೆದಾಗ, ಮಕ್ಕಳು ಸೊಸೆಯಂದಿರು ಹಗಲಿರುಳು ಸೇವೆ ಮಾಡಿದ್ದರೆ, ಪತ್ರಿಕೆಯಲ್ಲಿ ‘ಇಂಗಿನೀ’ ಎಂದು ಅಚ್ಚು ಹಾಕಿಸುವುದು ಸರಿಯಲ್ಲ. ‘ಸಮಾಧಿ ಮರಣ’ ಎಂದರೆ ಸಾಕು. ಅದರಿಂದ ಹಿರಿಯರ ವ್ರತಕ್ಕೆ ಕಡಿಮೆಯಾಗುವುದಿಲ್ಲ. ವೈಯಾವೃತ್ಯವೂ ಒಂದು ತಪಸ್ಸೇ.

ಪದಗಳ ಎಚ್ಚರ ಇನ್ನೊಂದು ಕಾರಣಕ್ಕೂ ಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರವನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆತ್ಮಹತ್ಯೆಯ ಹಿಂದೆ ರಾಗ, ದ್ವೇಷ, ನಿರಾಶೆ ಇರುತ್ತವೆ. ಸಲ್ಲೇಖನದಲ್ಲಿ ದೇಹದ ಜೊತೆಗೆ ಕಷಾಯಗಳೂ ಕೃಶವಾಗಬೇಕು. ಈ ವ್ಯತ್ಯಾಸವನ್ನು ನಾವೇ ಸರಿಯಾಗಿ ತಿಳಿದು ಮಕ್ಕಳಿಗೆ ಹೇಳಿದರೆ, ಅನ್ಯರು ಕೇಳಿದಾಗ ಉತ್ತರಿಸುವುದು ಸುಲಭ.

ಜೈ ಜಿನೇಂದ್ರ.