ದೋಣಿ ನಡೆಯದ ನಾಲೆ

ಕಳೆದ ವರ್ಷ ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆದಿದ್ದೆ. ಇಂಗ್ಲಿಷರು ತಮ್ಮ ನಾಡಿನ ಕಾಲುವೆಗಳಲ್ಲಿ ಕಲ್ಲಿದ್ದಲು, ಧಾನ್ಯ ಎಲ್ಲವನ್ನೂ ದೋಣಿಯಲ್ಲಿ ಸಾಗಿಸಿದರು. ನಮ್ಮಲ್ಲಿ ಮಾತ್ರ ರೈಲಿನ ಮೋಹಕ್ಕೆ ಬಿದ್ದು ಜಲಮಾರ್ಗವನ್ನು ಕೊಂದರು. ಇಲ್ಲದಿದ್ದರೆ ಕೃಷ್ಣರಾಜನಗರದ ನಾಲೆಗಳಲ್ಲೂ ಭತ್ತ ತುಂಬಿದ ದೋಣಿಗಳು ಓಡಾಡುತ್ತಿದ್ದವು ಎಂಬುದು ಅದರ ಸಾರ. ಬರೆದ ದಿನ ಬಹಳ ಹೆಮ್ಮೆಯಾಗಿತ್ತು. ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಗೀಚಿ ಕಳಿಸಿದರು: ‘ನಾಲೆ ಏರಿಯ ಮೇಲೆ ನಡೆದಿದ್ದೀರಾ?’

ನಡೆಯದೆ ಏನು! ಹೈಸ್ಕೂಲಿಗೆ ಹೋಗುತ್ತಿದ್ದದ್ದೇ ಅದರ ಮೇಲೆ. ಆದರೆ ಆ ಪ್ರಶ್ನೆ ಚುಚ್ಚಿತು.

ಆ ಪ್ಯಾರಾ ಹುಟ್ಟಿದ್ದು ಸರ್ ಆರ್ಥರ್ ಕಾಟನ್ನನನ್ನು ಓದಿ. ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿ, ಆ ಮುಖಜಭೂಮಿಯಲ್ಲಿ ನೀರಾವರಿ ಮತ್ತು ದೋಣಿಸಂಚಾರ ಎರಡನ್ನೂ ಒಂದೇ ಕಾಲುವೆಯಲ್ಲಿ ನಡೆಸಿ ತೋರಿಸಿದ ಎಂಜಿನಿಯರ್ ಆತ. 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಇಡೀ ಭಾರತಕ್ಕೆ ಜಲಮಾರ್ಗಗಳ ಯೋಜನೆಯೊಂದನ್ನು ಇಟ್ಟ. ಕಲ್ಕತ್ತಾದಿಂದ ಕರಾಚಿಗೆ ಒಂದು, ಕಾಕಿನಾಡದಿಂದ ಸೂರತ್ತಿಗೆ ಒಂದು. ಮೂರನೆಯದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ: ತುಂಗಭದ್ರೆಯನ್ನು ಹಿಡಿದು ಮೇಲೇರಿ ಕಾರವಾರಕ್ಕೆ! ಒಟ್ಟು 4000 ಮೈಲಿ, ಮೂರು ಕೋಟಿ ಪೌಂಡ್.

ಇದನ್ನು ಹುಚ್ಚು ಎಂದು ತಳ್ಳುವಂತಿಲ್ಲ. ಧಾತು–ಈಶ್ವರ ಸಂವತ್ಸರಗಳ ಬರ ಆಗಷ್ಟೇ ಮುಗಿಯುತ್ತಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಕಾಲುವೆಯಾದರೆ ಬೆಳೆಗೆ ನೀರನ್ನೂ ಕೊಡುತ್ತದೆ, ಹಸಿದ ಊರಿಗೆ ಧಾನ್ಯವನ್ನೂ ಒಯ್ಯುತ್ತದೆ, ರೈಲಿಗಿಂತ ಅಗ್ಗವಾಗಿ ಎಂಬುದು ಕಾಟನ್ನನ ವಾದ. ಸಮಿತಿ ಒಪ್ಪಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿಯೇ.

ಮೇ ತಿಂಗಳಲ್ಲಿ ಊರಿಗೆ ಹೋದಾಗ ದೊಡ್ಡಪ್ಪನನ್ನು ಕರೆದುಕೊಂಡು ಏರಿಯ ಮೇಲೆ ಹೊರಟೆ. ನಮ್ಮ ತಾಲ್ಲೂಕಿನಲ್ಲಿ ನಾಲೆಗಳಿಗೆ ಬರವಿಲ್ಲ: ಚಾಮರಾಜ ಎಡದಂಡೆ, ಚಾಮರಾಜ ಬಲದಂಡೆ, ಮಿರ್ಲೆ, ರಾಮಸಮುದ್ರ. ಕಾವೇರಿಗೆ ಅಡ್ಡಲಾಗಿ ತಗ್ಗಾದ ಕಟ್ಟೆ ಕಟ್ಟಿ, ದಡದಿಂದ ನೀರು ತಿರುಗಿಸಿ, ಗುಡ್ಡದ ಮೈಯನ್ನು ತಬ್ಬಿಕೊಂಡು ಒಯ್ಯುವುದು ಇವುಗಳ ರೀತಿ. ಎಡತೊರೆ ಎಂಬ ಹಳೆಯ ಹೆಸರಿನ ಈ ಸೀಮೆ ಭತ್ತದ ಕಣಜವಾದದ್ದು ಇವುಗಳಿಂದ. ದೊಡ್ಡಪ್ಪ ಮೂವತ್ತು ವರ್ಷ ಸೌಡಿಯಾಗಿದ್ದವರು. ಯಾವ ತೂಬಿಗೆ ಎಷ್ಟು ಹೊತ್ತು ನೀರು ಎನ್ನುವುದು ಅವರ ಬಾಯಲ್ಲೇ ಇದೆ.

ನಾಲೆ ಖಾಲಿಯಾಗಿತ್ತು. ಕಟಾವು ಮುಗಿದು ನೀರು ನಿಲ್ಲಿಸಿ ತಿಂಗಳುಗಳೇ ಆಗಿದ್ದವು. ತಳದಲ್ಲಿ ಬಿರಿದ ಹೂಳು, ಆಪು, ಒಂದೆರಡು ಮೇಕೆ. ನಾನು ಕಾಟನ್ನನ ಕತೆ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು ಬೀಡಿ ಆರಿಸಿದರು.

‘ಅಲ್ಲ ಮಗಾ, ದೋಣಿ ಓಡ್ಬೇಕು ಅಂದ್ರೆ ನೀರು ನಿಲ್ಬೇಕು. ಗದ್ದೆ ಬೆಳೀಬೇಕು ಅಂದ್ರೆ ನೀರು ಓಡ್ಬೇಕು. ಎರಡೂ ಒಂದೇ ನಾಲೇಲಿ ಹೆಂಗಾದದು?’

ಮೂರು ವರ್ಷ ಓದಿದ್ದರಲ್ಲಿ ಇಷ್ಟು ನೇರವಾದ ಮಾತು ನನಗೆ ಎದುರಾಗಿರಲಿಲ್ಲ.

ಮೈಸೂರಿಗೆ ವಾಪಸಾಗಿ ಇಂಗ್ಲಿಷ್ ಕಾಲುವೆಗಳನ್ನು ಮತ್ತೆ ಓದಿದೆ, ಈ ಸಲ ನೀರನ್ನು ಗಮನಿಸುತ್ತ. 1761ರಲ್ಲಿ ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರ್ ಕಡೆಗೆ ತೆರೆದ ಬ್ರಿಜ್‌ವಾಟರ್ ಕಾಲುವೆಯ ಗುಟ್ಟೇ ಅದು ಸಮತಟ್ಟಾಗಿರುವುದು. ರಸ್ತೆಯಲ್ಲಿ ಎರಡು ಟನ್ ಎಳೆಯಲು ತಿಣುಕುವ ಕುದುರೆ, ದಡದ ಮೇಲೆ ನಡೆಯುತ್ತ ನಿಂತ ನೀರಿನಲ್ಲಿ ಮೂವತ್ತು ಟನ್ನಿನ ದೋಣಿ ಎಳೆಯುತ್ತಿತ್ತು. ಅದೇ ಕಾಲುವೆಯನ್ನು ಬಾರ್ಟನ್ನಿನಲ್ಲಿ ಇರ್ವೆಲ್ ನದಿಯ ಮೇಲೆ ಸೇತುವೆ ಕಟ್ಟಿ ದಾಟಿಸಿದಾಗ ಜನ ನೋಡಲು ನೆರೆದರಂತೆ. ಶ್ರೀರಂಗಪಟ್ಟಣದಲ್ಲಿ ಬಂಗಾರದೊಡ್ಡಿ ನಾಲೆ ಕಾವೇರಿಯ ಕವಲನ್ನೇ ದಾಟಿ ದ್ವೀಪಕ್ಕೆ ಬರುತ್ತದೆ. ಕಂಠೀರವ ನರಸರಾಜ ಒಡೆಯರ ಕಾಲದ್ದು ಎನ್ನುವ ಅದು ಬಾರ್ಟನ್ನಿಗಿಂತ ನೂರು ವರ್ಷ ಹಿರಿದು. ನೋಡುವುದಕ್ಕೆ ಎರಡೂ ಒಂದೇ ಚಮತ್ಕಾರ, ನದಿಯ ಮೇಲೊಂದು ನದಿ. ಆದರೆ ಒಂದು ದೋಣಿಯನ್ನು ದಾಟಿಸಿತು, ಇನ್ನೊಂದು ನೀರನ್ನೇ ದಾಟಿಸಿತು. ಈ ವ್ಯತ್ಯಾಸ ನನಗೆ ಮೊದಲು ಕಂಡೇ ಇರಲಿಲ್ಲ.

ನೆಲ ಏರಿದ ಕಡೆ ಇಂಗ್ಲಿಷರು ‘ಲಾಕ್’ ಕಟ್ಟಿದರು: ಎರಡು ಬಾಗಿಲ ನಡುವಿನ ಕಲ್ಲಿನ ತೊಟ್ಟಿ. ದೋಣಿ ಒಳಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿದರೆ ದೋಣಿ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ವೂಸ್ಟರ್–ಬರ್ಮಿಂಗ್‌ಹ್ಯಾಮ್ ಕಾಲುವೆಯ ಟಾರ್ಡೆಬಿಗ್‌ನಲ್ಲಿ ಇಂಥ 30 ಲಾಕ್‌ಗಳು ಸಾಲಾಗಿವೆ. ಒಟ್ಟು ಏರುವುದು ಸುಮಾರು 67 ಮೀಟರ್. ಅದೇ ಲೆಕ್ಕ ಹಾಕಿದರೆ ನಮ್ಮ ಚುಂಚನಕಟ್ಟೆಯ 20 ಮೀಟರ್ ಧುಮುಕಿಗೆ ಒಂಬತ್ತು ಬೇಕು. ಶಿವನಸಮುದ್ರಕ್ಕೆ ನಲವತ್ತಕ್ಕೂ ಹೆಚ್ಚು. ಕಾರವಾರದ ದಾರಿಯಲ್ಲಿ ಘಟ್ಟ ಇಳಿಯುವುದಕ್ಕೆ ಐನೂರು ಮೀಟರ್ ಎಂದುಕೊಂಡರೂ ಇನ್ನೂರು ದಾಟುತ್ತದೆ. ಇಂಗ್ಲೆಂಡಿನ ಕಿರಿದಾದ ಒಂದು ಲಾಕ್ ಒಂದು ಸಲ ತುಂಬಲು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ವರ್ಷವಿಡೀ ಮಳೆ ಹನಿಯುವ ಆ ನಾಡಿನಲ್ಲೇ ಕಾಲುವೆಯ ನೆತ್ತಿಗೆ ನೀರು ಒದಗಿಸಲು ಜಲಾಶಯಗಳನ್ನು ಕಟ್ಟಬೇಕಾಯಿತು. ಮೇ ತಿಂಗಳಲ್ಲಿ ಮೇಕೆ ಮೇಯುವ ನಮ್ಮ ನಾಲೆಯಲ್ಲಿ ಆ ನೀರನ್ನು ಎಲ್ಲಿಂದ ತರುವುದು?

ಗೋದಾವರಿಯಲ್ಲಿ ಎರಡೂ ಕೂಡಿಬಂದದ್ದು ಅದು ಅಂಗೈಯಷ್ಟು ಚಪ್ಪಟೆ ನೆಲವಾದ್ದರಿಂದ. ಪ್ರಸ್ಥಭೂಮಿಯಲ್ಲೂ ಒಮ್ಮೆ ಪ್ರಯತ್ನ ನಡೆಯಿತು. 1858ರಲ್ಲಿ ಲಂಡನ್ನಿನ ಬಂಡವಾಳದಲ್ಲಿ ಮದ್ರಾಸ್ ಇರಿಗೇಶನ್ ಅಂಡ್ ಕೆನಾಲ್ ಕಂಪನಿ ಹುಟ್ಟಿತು. ಹತ್ತು ಲಕ್ಷ ಪೌಂಡಿಗೆ ಶೇಕಡಾ 5ರ ಬಡ್ಡಿಯ ಖಾತ್ರಿಯನ್ನು ಸರ್ಕಾರವೇ ಕೊಟ್ಟಿತ್ತು. ತುಂಗಭದ್ರೆಗೆ ಸುಂಕೇಸುಲದಲ್ಲಿ ಕಟ್ಟೆ ಕಟ್ಟಿ, ಕರ್ನೂಲಿನಿಂದ ಕಡಪದವರೆಗೆ ಸುಮಾರು 300 ಕಿಲೋಮೀಟರ್ ಕಾಲುವೆ ತೋಡಿದರು, ದೋಣಿಗೆಂದು ಲಾಕ್‌ಗಳ ಸಮೇತ. ಎರೆಭೂಮಿಯ ರೈತರು ಮಳೆಯನ್ನೇ ನಂಬಿ ಜೋಳ ಬೆಳೆಯುವವರು. ದುಡ್ಡು ಕೊಟ್ಟು ನೀರು ಕೊಳ್ಳಲು ಮುಂದೆ ಬರಲಿಲ್ಲ. ದೋಣಿಯ ವ್ಯಾಪಾರವೂ ಕುದುರಲಿಲ್ಲ. 1882ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ಇವತ್ತು ಅದು ಬರಿಯ ನೀರಾವರಿ ಕಾಲುವೆ. ಕಾಟನ್ನನ ಕಾರವಾರದ ಗೆರೆ ಇದರ ಮುಂದುವರಿಕೆಯಾಗಬೇಕಿತ್ತು.

ತಮಾಷೆಯೆಂದರೆ ಇಂಗ್ಲೆಂಡಿನಲ್ಲೂ ಕೊನೆಗೆ ಗೆದ್ದದ್ದು ರೈಲೇ. ಎಲ್. ಟಿ. ಸಿ. ರೋಲ್ಟ್ ಎಂಬ ಎಂಜಿನಿಯರ್ 1939ರಲ್ಲಿ ‘ಕ್ರೆಸಿ’ ಎಂಬ ದೋಣಿಯನ್ನೇ ಮನೆ ಮಾಡಿಕೊಂಡು ಪಾಳುಬೀಳುತ್ತಿದ್ದ ಕಾಲುವೆಗಳಲ್ಲಿ ಹೊರಟ. 1944ರಲ್ಲಿ ಬಂದ ‘ನ್ಯಾರೋ ಬೋಟ್’ ಪುಸ್ತಕ ಆ ಪಯಣದ್ದು. ಅದನ್ನು ಓದಿದ ಕೆಲವರು ಅವನೊಂದಿಗೆ ಸೇರಿ 1946ರಲ್ಲಿ ಸಂಘ ಕಟ್ಟಿ ಕಾಲುವೆಗಳನ್ನು ಉಳಿಸಿದರು. ಈಗ ಅಲ್ಲಿ ಓಡುವ ದೋಣಿಗಳು ಬಹುಪಾಲು ವಿಹಾರಕ್ಕೆ. ನಾನು ಅಲ್ಲಿಗೆ ಹೋದವಳಲ್ಲ. ನನಗೆ ಗೊತ್ತಿರುವ ದೋಣಿ ಹರಿಗೋಲು. ಅದು ಹೊಳೆಯನ್ನು ಅಡ್ಡ ದಾಟುತ್ತದೆ, ಉದ್ದಕ್ಕೆ ಸಾಗುವ ಆಸೆ ಅದಕ್ಕಿಲ್ಲ.

ಪ್ಯಾರಾವನ್ನು ಅಳಿಸಿದೆ. ಸಿಟ್ಟು ಪೂರ್ತಿ ಹೋಗಿಲ್ಲ. ಎಂಟು ಲಕ್ಷ ಜನ ಕಡಿಮೆಯಾದ ನಾಡಿನಲ್ಲಿ ನೀರಿಗೆ ಎಷ್ಟು, ರೈಲಿಗೆ ಎಷ್ಟು ಖರ್ಚು ಮಾಡಿದರು ಎಂಬ ಪ್ರಶ್ನೆಯಲ್ಲಿ ಕಾಟನ್ ಈಗಲೂ ಸೋತಿಲ್ಲ ಎಂದೇ ನನ್ನ ಅನಿಸಿಕೆ; ಅಧ್ಯಾಯವನ್ನು ಆ ಕಡೆ ತಿರುಗಿಸಿದ್ದೇನೆ. ದೊಡ್ಡಪ್ಪನ ಮಾತನ್ನು ಅಡಿಟಿಪ್ಪಣಿಯಲ್ಲಿ ಹಾಕಬಹುದೇ ಎಂದು ಮಾರ್ಗದರ್ಶಕರಿಗೆ ಬರೆದು ಎರಡು ವಾರವಾಯಿತು. ಉತ್ತರ ಇನ್ನೂ ಬಂದಿಲ್ಲ.