ಅಪ್‌ಡೇಟ್ ಮಾಡಿದರೆ ಆನ್‌ಲೈನ್ ಅಂಗಡಿ ಹಾಳಾಗುತ್ತದೆಯೇ?

ಸಾರಾಂಶ

ದುಡ್ಡು ಕೊಟ್ಟು ತಂದ ಥೀಮ್ ಹಾಕಿರುವ ಆನ್‌ಲೈನ್ ಅಂಗಡಿಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ, ಮಾಡಿದರೆ ಅಂಗಡಿಯೇ ಹಾಳಾಗುತ್ತದೆ ಎಂಬ ಮಾತು ಸಣ್ಣ ವ್ಯಾಪಾರಿಗಳ ನಡುವೆ ಆಗಾಗ ಕೇಳಿಬರುತ್ತದೆ. ನಾವು ಪರಿಶೀಲಿಸಿದಾಗ ಇದು ಅರ್ಧ ಸತ್ಯ ಎಂದು ತಿಳಿಯಿತು. ಪುಟ ಕೆಡುವ ಸಾಧ್ಯತೆ ಇರುವುದು ನಿಜ. ಆದರೆ ಅಪ್‌ಡೇಟ್ ಮಾಡದೆ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ.

ಥೀಮ್ ಮತ್ತು ಸಾಫ್ಟ್‌ವೇರ್ ಬೇರೆ ಬೇರೆಯೇ?

ಹೌದು. ಹುಣಸೂರು ತಾಲ್ಲೂಕಿನ ಗಾವಡಗೆರೆಯ ಒಂದು ಕುಟುಂಬ ಒಣಶುಂಠಿ, ರಾಗಿ ಹುರಿಹಿಟ್ಟು, ಜೇನುತುಪ್ಪವನ್ನು ಸ್ವಂತ ಜಾಲತಾಣದಲ್ಲಿ ಮಾರುತ್ತಿದೆ ಎಂದುಕೊಳ್ಳೋಣ. ಸರಕಿನ ಪಟ್ಟಿ, ಆರ್ಡರ್, ಹಣ ಪಾವತಿ ನೋಡಿಕೊಳ್ಳುವುದು ಸಾಫ್ಟ್‌ವೇರ್. ವೂಕಾಮರ್ಸ್, ಮೆಜೆಂಟೊ, ಓಪನ್‌ಕಾರ್ಟ್ ಇಂಥವು. ಬಣ್ಣ, ಅಕ್ಷರ, ಚಿತ್ರಗಳ ಜೋಡಣೆ ನೋಡಿಕೊಳ್ಳುವುದು ಥೀಮ್. ಎರಡನ್ನೂ ತಯಾರಿಸಿದವರು ಸಾಮಾನ್ಯವಾಗಿ ಬೇರೆ ಬೇರೆ. ಹೊಸ ಆವೃತ್ತಿ ಬರುವ ಸಮಯವೂ ಬೇರೆ. ತೊಂದರೆ ಶುರುವಾಗುವುದು ಇಲ್ಲಿಯೇ.

ಪುಟ ಕೆಡುವುದು ಏಕೆ?

ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು, ಹಳೆಯ ನಕಲು. ಅನೇಕ ಥೀಮ್‌ಗಳು ಕಾರ್ಟ್, ಪಾವತಿ ಪುಟಗಳ ಕಡತಗಳನ್ನು ಸಾಫ್ಟ್‌ವೇರ್‌ನಿಂದ ನಕಲು ಮಾಡಿ, ತಿದ್ದಿ, ತಮ್ಮೊಳಗೆ ಇಟ್ಟುಕೊಂಡಿರುತ್ತವೆ. ಸಾಫ್ಟ್‌ವೇರ್ ಹೊಸದಾದರೂ ಪುಟ ತೋರಿಸುವುದು ಈ ಹಳೆಯ ನಕಲೇ. ಎರಡಕ್ಕೂ ಹೊಂದಾಣಿಕೆ ತಪ್ಪಿದಾಗ ಬಟನ್ ಮಾಯವಾಗಬಹುದು, ಪಾವತಿ ನಿಲ್ಲಬಹುದು. ವೂಕಾಮರ್ಸ್‌ನಲ್ಲಿ ‘ಸ್ಟೇಟಸ್’ ಪುಟದ ಕೊನೆಯ ಭಾಗ ನೋಡಿದರೆ ಥೀಮ್‌ನ ಯಾವ ಕಡತಗಳು ಹಳೆಯವು ಎಂಬ ಪಟ್ಟಿ ಸಿಗುತ್ತದೆ.

ಎರಡನೆಯದು, ನೇರ ತಿದ್ದುಪಡಿ. ಡಿಸೈನರ್ ಥೀಮ್‌ನ ಮೂಲ ಕಡತಗಳಲ್ಲೇ ಬದಲಾವಣೆ ಮಾಡಿದ್ದರೆ, ಥೀಮ್‌ನ ಹೊಸ ಆವೃತ್ತಿ ಹಾಕಿದ ಕೂಡಲೇ ಅದೆಲ್ಲ ಅಳಿಸಿಹೋಗುತ್ತದೆ. ತಿದ್ದುಪಡಿಗಳನ್ನು ‘ಚೈಲ್ಡ್ ಥೀಮ್’ ಎಂಬ ಪ್ರತ್ಯೇಕ ಫೋಲ್ಡರ್‌ನಲ್ಲಿ ಇಟ್ಟರೆ ಅವು ಉಳಿಯುತ್ತವೆ.

ಅಪ್‌ಡೇಟ್ ಮಾಡದಿದ್ದರೆ ಏನಾಗುತ್ತದೆ?

ಮೆಜೆಂಟೊ 1 ಸಾಫ್ಟ್‌ವೇರ್‌ಗೆ ಅಧಿಕೃತ ಬೆಂಬಲ 2020ರ ಜೂನ್ 30ಕ್ಕೆ ಮುಗಿಯಿತು. ಅದರ ಥೀಮ್‌ಗಳು ಮೆಜೆಂಟೊ 2ರಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಹೊಸದಕ್ಕೆ ಹೋಗುವುದೆಂದರೆ ಅಂಗಡಿಯ ವಿನ್ಯಾಸವನ್ನೇ ಮತ್ತೆ ಮಾಡಿಸುವ ಖರ್ಚು. ಅನೇಕ ಅಂಗಡಿಗಳು ಹಳೆಯದರಲ್ಲೇ ಉಳಿದವು. ಅದೇ ವರ್ಷ ಸೆಪ್ಟೆಂಬರ್‌ನ ಒಂದೇ ವಾರಾಂತ್ಯದಲ್ಲಿ ಜಗತ್ತಿನ ಸುಮಾರು 2,000 ಮೆಜೆಂಟೊ ಅಂಗಡಿಗಳಿಗೆ ಕಳ್ಳ ಕೋಡ್ ನುಗ್ಗಿತು. ಬಹುತೇಕ ಎಲ್ಲವೂ ಮೆಜೆಂಟೊ 1 ಬಳಸುತ್ತಿದ್ದವು. ಗ್ರಾಹಕರು ಕಾರ್ಡ್ ವಿವರ ಟೈಪ್ ಮಾಡುತ್ತಿದ್ದಂತೆಯೇ ಅದು ಕಳ್ಳರಿಗೆ ರವಾನೆಯಾಗುತ್ತಿತ್ತು.

‘ನಮ್ಮ ಅಂಗಡಿಯಲ್ಲಿ ಕಾರ್ಡ್ ನಂಬರ್ ಉಳಿಯುವುದೇ ಇಲ್ಲವಲ್ಲ’ ಎಂದು ಕೆಲವರು ಕೇಳುತ್ತಾರೆ. ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ನಂಬರ್ ಉಳಿಸಿಕೊಳ್ಳುವಂತಿಲ್ಲ, ನಿಜ. ಆದರೆ ಈ ಬಗೆಯ ಕಳ್ಳತನ ನಡೆಯುವುದು ಉಳಿಸಿದ ಮಾಹಿತಿಯಿಂದಲ್ಲ, ಟೈಪ್ ಮಾಡುವ ಕ್ಷಣದಲ್ಲಿ. ಹೆಸರು, ಫೋನ್ ನಂಬರ್, ವಿಳಾಸವಂತೂ ಅಂಗಡಿಯಲ್ಲೇ ಇರುತ್ತವೆ.

ಸುರಕ್ಷಿತವಾಗಿ ಮಾಡುವುದು ಹೇಗೆ?

1. ಮೊದಲು ಬ್ಯಾಕಪ್ ತೆಗೆಯಿರಿ. ಕಡತಗಳು ಮತ್ತು ಡೇಟಾಬೇಸ್ ಎರಡೂ ಬೇಕು. ಆರ್ಡರ್‌ಗಳು ಇರುವುದು ಡೇಟಾಬೇಸ್‌ನಲ್ಲಿ.

2. ಆವೃತ್ತಿಯ ಸಂಖ್ಯೆ ನೋಡಿ. ಕೊನೆಯ ಅಂಕಿ ಮಾತ್ರ ಬದಲಾಗಿದ್ದರೆ ಸಾಮಾನ್ಯವಾಗಿ ಅದು ಸಣ್ಣ ದುರಸ್ತಿ ಅಥವಾ ಭದ್ರತೆಯ ತೇಪೆ. ಅದನ್ನು ತಡಮಾಡಬೇಡಿ. ಮೊದಲ ಅಂಕಿ ಬದಲಾಗಿದ್ದರೆ ಹೆಚ್ಚು ಎಚ್ಚರ ಬೇಕು.

3. ಥೀಮ್ ಮಾರಿದವರು ಹೊಸ ಸಾಫ್ಟ್‌ವೇರ್‌ಗೆ ಹೊಂದುವ ಆವೃತ್ತಿ ಬಿಟ್ಟಿದ್ದಾರೆಯೇ ನೋಡಿ. ಥೀಮ್‌ಫಾರೆಸ್ಟ್‌ನಂಥ ಮಾರುಕಟ್ಟೆಯಲ್ಲಿ ಕೊಂಡವರಿಗೆ ಮಾರಾಟಗಾರರ ಸಹಾಯ ಸಾಮಾನ್ಯವಾಗಿ 6 ತಿಂಗಳು ಮಾತ್ರ. ಆದರೆ ಆ ಥೀಮ್‌ನ ಹೊಸ ಆವೃತ್ತಿಗಳು ಆಮೇಲೂ ಉಚಿತ.

4. ಅಂಗಡಿಯ ಒಂದು ಪರೀಕ್ಷಾ ಪ್ರತಿ ಮಾಡಿ. ಅಲ್ಲಿ ಥೀಮ್ ಮತ್ತು ಸಾಫ್ಟ್‌ವೇರ್ ಎರಡನ್ನೂ ಅಪ್‌ಡೇಟ್ ಮಾಡಿ, ಮೊಬೈಲ್‌ನಿಂದಲೇ ಕೊನೆಯವರೆಗೆ ಒಂದು ಆರ್ಡರ್ ಹಾಕಿ ನೋಡಿ.

5. ಎಲ್ಲ ಸರಿಯಿದ್ದರೆ, ವ್ಯಾಪಾರ ಕಡಿಮೆ ಇರುವ ಹೊತ್ತಿನಲ್ಲಿ ಮತ್ತೊಮ್ಮೆ ಬ್ಯಾಕಪ್ ತೆಗೆದು, ಅದೇ ಹೆಜ್ಜೆಗಳನ್ನು ಅಸಲಿ ಅಂಗಡಿಯಲ್ಲಿ ಮಾಡಿ. ಪರೀಕ್ಷಾ ಪ್ರತಿಯನ್ನೇ ತಂದು ಅಸಲಿಯ ಮೇಲೆ ಹಾಕಬೇಡಿ. ನಡುವೆ ಬಂದ ಆರ್ಡರ್‌ಗಳು ಅಳಿಸಿಹೋಗುತ್ತವೆ.

ಥೀಮ್ ಮಾಡಿದವರೇ ಕೈಬಿಟ್ಟಿದ್ದರೆ?

ಆಗ ಥೀಮ್ ಬದಲಿಸುವುದೇ ದಾರಿ. ಸರಕಿನ ಪಟ್ಟಿ, ಬೆಲೆ, ಆರ್ಡರ್‌ಗಳು ಡೇಟಾಬೇಸ್‌ನಲ್ಲಿರುವುದರಿಂದ ಅವು ಹೋಗುವುದಿಲ್ಲ. ಮುಖಪುಟದ ಜೋಡಣೆಯನ್ನು ಮಾತ್ರ ಮತ್ತೆ ಮಾಡಬೇಕಾಗಬಹುದು.

‘ಪ್ರೀಮಿಯಂ ಥೀಮ್ ಫ್ರೀ ಡೌನ್‌ಲೋಡ್’ ಎಂದು ಬರುವ ಲಿಂಕ್‌ಗಳನ್ನು ನಂಬಬೇಡಿ. ಡಬ್ಲ್ಯುಪಿ-ವಿಸಿಡಿ ಎಂಬ ಕುತಂತ್ರಾಂಶ ಹರಡಿದ್ದು ಇಂಥ ಕದ್ದ ಥೀಮ್‌ಗಳಿಂದಲೇ.

ಅಂಗಡಿಯಲ್ಲಿ ಹಣದ ವಂಚನೆ ನಡೆದಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೀರ್ಪು

ಅರ್ಧ ಸತ್ಯ. ಪುಟ ಕೆಡಿಸುವುದು ಹೆಚ್ಚಾಗಿ ಥೀಮ್‌ನೊಳಗಿನ ಹಳೆಯ ಕಡತಗಳೇ ಹೊರತು ಅಪ್‌ಡೇಟ್ ಅಲ್ಲ. ಕೆಟ್ಟ ಪುಟವನ್ನು ಬ್ಯಾಕಪ್‌ನಿಂದ ಮರಳಿ ತರಬಹುದು, ಕಳುವಾದ ಗ್ರಾಹಕರ ಮಾಹಿತಿಯನ್ನು ತರಲಾಗದು. ‘ಅಪ್‌ಡೇಟ್ ಮಾಡಲೇಬೇಡಿ’ ಎಂಬ ಸಂದೇಶ ನಿಮಗೂ ಬಂದರೆ ಮುಂದೆ ಕಳಿಸಬೇಡಿ.