ಮಾವಳ್ಳಿ ಟಿಫಿನ್ ರೂಮ್ಸ್

ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿರುವ ಸಸ್ಯಾಹಾರಿ ಉಪಾಹಾರ ಗೃಹ. ಪರಂಪಳ್ಳಿ ಯಜ್ಞನಾರಾಯಣ ಮಯ್ಯ ಮತ್ತು ಸಹೋದರರು ಇದನ್ನು 1924ರಲ್ಲಿ ಸ್ಥಾಪಿಸಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ಇಲ್ಲಿ ರವೆಯಿಂದ ಇಡ್ಲಿ ತಯಾರಿಸಲಾಯಿತು; ರವೆ ಇಡ್ಲಿಯ ಮೂಲ ಇದೇ ಎಂಬುದು ಸಂಸ್ಥೆಯ ಹೇಳಿಕೆ. 1951ರಲ್ಲಿ ಯೂರೋಪಿನ ಉಪಾಹಾರ ಗೃಹಗಳನ್ನು ನೋಡಿ ಬಂದ ಮಯ್ಯರು ಅಲ್ಲಿನ ಶುಚಿತ್ವದ ಕ್ರಮಗಳನ್ನೂ ಹಬೆಯಿಂದ ಶುದ್ಧೀಕರಿಸುವ ಪದ್ಧತಿಯನ್ನೂ ಇಲ್ಲಿ ಅಳವಡಿಸಿದರು.

1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿಗಳ ದರವನ್ನು ತಗ್ಗಿಸಬೇಕಾಗಿ ಬಂದಿತು. ಆ ದರಕ್ಕೆ ಗುಣಮಟ್ಟ ಕಾಯ್ದುಕೊಳ್ಳುವುದು ಅಸಾಧ್ಯವೆನಿಸಿದಾಗ ಮಾಲೀಕರು ಗುಣಮಟ್ಟವನ್ನು ಕುಗ್ಗಿಸದೆ ಉಪಾಹಾರ ಗೃಹವನ್ನೇ ಮುಚ್ಚಿದರು. ನೌಕರರು ಕೆಲಸ ಕಳೆದುಕೊಳ್ಳದಂತೆ ಸಿದ್ಧ ತಿಂಡಿ ಮಿಶ್ರಣಗಳ ಮಾರಾಟಕ್ಕೆ ತೊಡಗಿದರು. ಉಪಾಹಾರ ಗೃಹವು ಮುಂದೆ ಪುನಃ ತೆರೆಯಿತು.